ಬೋರಮ್ಮನ ಅಣಬೆದೀಪ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಗೆ ಅವರಜ್ಜಿ ಕತೆ ಹೇಳ್ತಿದ್ದ ಕಾಲಕ್ಕೂ ಮುಂಚೆ, ಬೆಟ್ಟದ ಬುಡದ ಹಟ್ಟೀಲಿ ದೇವೀರಿ ಅಂತ ಬುಟ್ಟಿ ಹೆಣೆಯೋಳು ಒಬ್ಬಳಿದ್ದಳಂತೆ. ಗಂಡ ಬಿದಿರು ಕಡಿಯೋಕೆ ಕಾಡಿಗೆ ಹೋದೋನು ಹಿಂದಕ್ಕೆ ಬರ್ಲೇ ಇಲ್ಲವಂತೆ. ಉಳಿದೋರು ಅವಳೂ ಅವಳತ್ತೆ ಬೋರಮ್ಮನೂ, ಇಬ್ಬರೇ. ಬೋರಮ್ಮ ಹೆಸರಿಗೆ ಅತ್ತೆ, ನೋಡ್ಕೊಂಡಿದ್ದು ಹೆತ್ತ ತಾಯಿ ಹಂಗೆ. ಆದ್ರೆ ಪಾಪ, ಮುದುಕಿ ಕಣ್ಣಿಗೆ ಹೊಗೆ ಆಗ್ತಿರ್ಲಿಲ್ಲ. ಎಣ್ಣೆದೀಪ ಹಚ್ಚಿದ್ರೆ ಸಾಕು, ಕಣ್ಣಲ್ಲಿ ನೀರು ಬಳಬಳ ಸುರಿದು ಎದುರಿಗಿದ್ದೋರ ಮುಖಾನೇ ಕಾಣ್ತಿರ್ಲಿಲ್ಲವಂತೆ. ಅದಕ್ಕೇ ಹೊತ್ತು ಮುಳುಗಿದ್ಮೇಲೆ ಅತ್ತೆ ಸೊಸೆ ಕತ್ತಲಲ್ಲೇ ಉಣ್ಣೋರು, ಕತ್ತಲಲ್ಲೇ ಮಾತಾಡ್ಕೊಳ್ಳೋರು.

ಒಂದು ಮಳೆಗಾಲದಲ್ಲಿ ದೇವೀರಿ ಬಿದಿರು ತರೋಕೆ ಹೋದಾಗ ಕಾಡಲ್ಲೇ ಕತ್ತಲಾಗೋಯ್ತಂತೆ. ನೋಡ್ತಾಳೆ, ಕೊಳೆತ ದಿಮ್ಮಿ ಮೇಲೆ ಅಣಬೆ ಎದ್ದು, ಅದರ ಬುಡದ ಬಿಳೀ ಎಳೆಗಳೆಲ್ಲ ಬೆಳದಿಂಗಳ ಹಂಗೆ ಬೆಳಗ್ತಾ ಇವೆ! ಮುಟ್ಟಿದ್ರೆ ತಣ್ಣಗೆ. ಹೊಗೆಯಿಲ್ಲ, ಬೆಂಕಿಯಿಲ್ಲ. ಆಮೇಲೆ ಅವಳು ಒಂದು ಚೂರು ಮುರಿದು ಸೆರಗಿಗೆ ಕಟ್ಕೊಂಡು ಬಂದು, ಬುಟ್ಟಿಗೆ ನೆನೆಸಿದ ಹುಲ್ಲೂ ಮರದ ಪುಡಿಯೂ ತುಂಬಿ, ಆ ಚೂರನ್ನ ನಡುವೆ ಹುದುಗಿಸಿ, ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿದಳಂತೆ. ಎಳೆ ಹಬ್ಬಿ ಹಬ್ಬಿ, ಹುಲ್ಲನ್ನೆಲ್ಲ ತಾನೇ ಹೆಣೆದ್ಬಿಡ್ತಂತೆ. ಬುಟ್ಟಿ ಕಳಚಿದ್ರೆ ಗಡಿಗೆ ಹಂಗೆ ಗಟ್ಟಿಯಾಗಿ ನಿಂತ್ಕೊಂಡು, ಸಂಜೆ ಆಗ್ತಿದ್ದಂಗೆ ಮೆಲ್ಲಗೆ ಬೆಳಗೋಕೆ ಶುರುವಾಯ್ತಂತೆ. ಬೋರಮ್ಮ ಸೊಸೆ ಗಲ್ಲ ಹಿಡಿದು, ಅಯ್ಯೋ ಮಗಳೇ, ಉಣ್ಣೋ ಹೊತ್ತಲ್ಲಿ ನಿನ್ನ ಮುಖ ನೋಡಿ ಎಷ್ಟು ಕಾಲ ಆಗಿತ್ತೇ ಅಂದಳಂತೆ.

ಆ ಸುದ್ದಿ ಪಾಳೇಗಾರನ ಕಿವಿಗೆ ಬಿತ್ತು. ಮೊದಲ್ನೇ ಸಲ ಆಳು ಕಳಿಸಿ, ನಮ್ಮ ಕೋವಿಮದ್ದಿನ ಮನೆಯೊಳಗೆ ಬೆಂಕಿ ತರೋ ಹಂಗಿಲ್ಲ, ಅಲ್ಲಿಗೊಂದು ದೀಪ ಬೇಕು ಅಂದನಂತೆ. ದೇವೀರಿ ಮನೆದೀಪದಿಂದ ಉಗುರಿನಷ್ಟು ಚೂರು ತೆಗೆದು ಹೊಸದು ಬೆಳೆಸಿ ಕೊಟ್ಟಳು. ಎರಡನೇ ಸಲ, ಮೊಮ್ಮಗು ಹೊಗೆಗೆ ಕೆಮ್ಮತ್ತೆ, ತೊಟ್ಟಿಲ ಹತ್ರ ಇಡೋಕೆ ಬೇಕು ಅಂದನಂತೆ. ಅದನ್ನೂ ಬೆಳೆಸಿ ಕೊಟ್ಟಳು. ಅವತ್ತು ಅರಮನೇಲಿ ಅವಳನ್ನ ಮಣೆ ಹಾಕಿ ಕೂರಿಸಿ, ದೀಪದ ದೇವೀರಿ ಬಂದ್ಲು ಅಂದ್ರಂತೆ. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲವಂತೆ.

ಮೂರನೇ ಸಲ, ನಾಳೆ ಮಗಳ ಮದುವೆ, ಚಪ್ಪರದ ಅಂದಕ್ಕೆ ಒಂದು ದೀಪ ಬೇಕು ಅಂತ ಹೇಳಿಕಳಿಸಿದ್ರು. ನಾಳೆಗೆ ಎಲ್ಲಿ ಬೆಳೆಯತ್ತೆ? ಇಲ್ಲ ಅನ್ನಬೋದಿತ್ತು. ಅನ್ನಲಿಲ್ಲ. ಬೋರಮ್ಮನಿಗೆ ಅವತ್ತು ಮೈ ಬೆಚ್ಚಗಿತ್ತಂತೆ. ಆದ್ರೂ, ನಮ್ಮನೆ ದೀಪಾನೇ ತಗೊಂಡು ಹೋಗವ್ವ, ಕತ್ತಲಲ್ಲಿದ್ರೆ ನಾನೇನು ಕರಗೋಗ್ತೀನಾ, ಬೇಗ ಬಂದ್ಬಿಡು ಅಂದಳಂತೆ. ಚೂರು ಮುರಿದು ಮನೇಲಿಟ್ರೆ ದೀಪದ ಅಂದ ಕೆಡತ್ತೆ ಅಂತ, ದೇವೀರಿ ಅದನ್ನ ಇಡಿಯಾಗಿ ಹೊತ್ಕೊಂಡು ಹೊರಟ್ಲು.

ಚಪ್ಪರದಲ್ಲಿ ಏನಾಯ್ತು ಗೊತ್ತಾ? ಸುತ್ತ ಎಲ್ಲಿ ನೋಡಿದ್ರೂ ಪಂಜು, ದೀವಟಿಗೆ, ಧಗಧಗ ಅಂತ. ಆ ಬೆಂಕಿ ನಡುವೆ ತಣ್ಣನೆ ಬೆಳಕು ಯಾರಿಗೆ ಕಾಣಬೇಕು? ಯಾರೋ ಒಬ್ಬ, ಇದ್ಯಾವ ಕೊಳೆತ ಕುಂಬಳಕಾಯಿ ಅಂತ ಕಾಲಲ್ಲಿ ಪಕ್ಕಕ್ಕೆ ತಳ್ಳಿದನಂತೆ. ದೇವೀರಿ ಒಂದು ಒಳ್ಳೇ ಮಾತಿಗಾಗಿ ಕಾದಳು, ಕಾದಳು, ಮಾರನೇ ದಿನವೂ ಕಾದಳಂತೆ. ಕೊನೆಗೆ ಪಾಳೇಗಾರ ಬಂದೋನು, ಓ ನೀನಾ, ಉಂಡ್ಕೊಂಡು ಹೋಗು ಅಂತಂದು ಹಂಗೇ ನಡೆದುಬಿಟ್ಟನಂತೆ.

ಅವಳು ಉಣ್ಣಲಿಲ್ಲ. ದೀಪ ಎತ್ಕೊಂಡು ಒಂದೇ ಉಸಿರಿಗೆ ಓಡಿ ಬಂದ್ರೆ, ಸಂಜೆ ಕವಿದಿದೆ, ಪಕ್ಕದ್ಮನೆ ಹೊಂಬಾಳೆ ಎಣ್ಣೆದೀಪ ಹಚ್ಚಿಟ್ಟು ಬೋರಮ್ಮನ ತಲೆದೆಸೆಯಲ್ಲಿ ಕೂತಿದ್ದಾಳೆ. ಜ್ವರ ನೆತ್ತಿಗೇರಿಬಿಟ್ಟಿದೆ.

ಬಂದ್ಯಾ ಮಗಳೇ, ನಮ್ಮ ದೀಪ ತಾರೇ, ನಿನ್ನ ಮುಖ ಒಂದು ಸಲ ನೋಡ್ಬೇಕು ಅಂದಳಂತೆ ಬೋರಮ್ಮ.

ದೇವೀರಿ ಎಣ್ಣೆದೀಪ ಆರಿಸಿ, ಅಣಬೆದೀಪ ಮುಂದಿಟ್ಟಳು. ಬೆಳಗಲಿಲ್ಲ. ಪಂಜಿನ ಕಾವಿಗೆ ಒಳಗಿನ ಎಳೆಯೆಲ್ಲ ಒಣಗಿ ಸತ್ತೇ ಹೋಗಿತ್ತು. ನೀರು ಚಿಮುಕಿಸಿದಳು, ಎದೆಗೆ ಅವಚಿಕೊಂಡಳು, ಊಹೂಂ. ಆಮೇಲೆ ಹೊಂಬಾಳೆ ಎಣ್ಣೆದೀಪ ಹಚ್ಚಿದ್ರೆ, ಮುದುಕಿ ಕಣ್ತುಂಬ ನೀರು. ಕೈಯಲ್ಲೇ ತಡವಿ ತಡವಿ ಸೊಸೆ ಮುಖ ನೋಡಿದಳಂತೆ. ಉಂಡು ಬಂದ್ಯೇನೇ ಅಂತ ಕೇಳಿದಳಂತೆ. ದೇವೀರಿ, ಹೂಂ ಅತ್ತೆಮ್ಮ, ಹೊಟ್ಟೆ ತುಂಬ ಅಂತ ಸುಳ್ಳು ಹೇಳಿದಳಂತೆ. ಅಷ್ಟೇ. ಕೈ ಕೆಳಗೆ ಬಿತ್ತು.

ಆಮೇಲೆ ಎಷ್ಟೋ ದಿನ ದೇವೀರಿ ಬುಟ್ಟಿ ಮುಟ್ಟಲಿಲ್ಲವಂತೆ. ಹೊಂಬಾಳೆಯೇ ಹೋಗಿ, ಮದ್ದಿನ ಮನೆ ಕಾವಲುಗಾರನ ಹತ್ರ ಅಲ್ಲಿನ ದೀಪದ ಒಂದು ಚೂರು ಕೇಳಿ ತಂದು ಅವಳ ಅಂಗೈಯಲ್ಲಿಟ್ಟಳಂತೆ. ದೇವೀರಿ ಅದನ್ನ ಬೆಳೆಸಿ, ಹಟ್ಟೀಲಿ ಕಣ್ಣು ಮಂಜಾದ ಮುದುಕೀರು ಇದ್ದ ಮನೆಗೆ ಮೊದಲು, ಬಾಣಂತೀರಿದ್ದ ಮನೆಗೆ ಆಮೇಲೆ, ಹಿಂಗೇ ಎಲ್ಲಾ ಮನೆಗೂ ಕೊಟ್ಟಳಂತೆ. ಎಣ್ಣೆಯ ಹಂಗಿಲ್ಲ, ಹೊಗೆಯಿಲ್ಲ. ಹಳೇದಾದ್ರೆ ಹೊಲಕ್ಕೆ ಗೊಬ್ಬರ. ಹೆಣ್ಣುಮಕ್ಕಳೆಲ್ಲ ಅವಳ ಹತ್ರ ಕಲಿತ್ಕೊಂಡು, ಹಟ್ಟಿಗೆ ಹಟ್ಟಿಯೇ ತಂಪಾಗಿ ಬೆಳಗಿ, ಎಲ್ಲಾರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಉಂಡು ಸುಖವಾಗಿದ್ರಂತೆ.

ದೇವೀರಿ? ಅವಳೂ ಇದ್ದಳು ಮಗಾ. ದಿನಾ ಸಂಜೆ ದೀಪ ಎತ್ತಿ ತನ್ನ ಮುಖಕ್ಕೆ ಹಿಡ್ಕೊಂಡು, ಬೋರಮ್ಮ ಮಲಗ್ತಿದ್ದ ಮೂಲೆ ಕಡೆ ತಿರುಗಿ ಚೂರು ಹೊತ್ತು ಕೂರ್ತಿದ್ದಳಂತೆ.

ಏನಂದೆ? ಬೋರಮ್ಮನಿಗೆ ಕಾಣಿಸ್ತಾ ಅಂತ್ಲಾ?

ಇಲ್ಲ ಕಂದಾ. ಎಲ್ಲಿ ಕಾಣಿಸತ್ತೆ, ಅವಳು ಹೋಗಿಬಿಟ್ಟಿದ್ಳಲ್ಲ. ದೇವೀರಿಗೂ ಅದು ಗೊತ್ತಿತ್ತು. ಆದ್ರೂ ಕೂರ್ತಿದ್ದಳು.

ಕತೆ ಅಲ್ಲಿಗೆ ಮುಗೀತು. ಇಲ್ಲಿ ಬಾ, ನನ್ನ ಕಡೆ ತಿರುಗಿ ಮಲ್ಕೋ.