ಬೂದನ ಮೂರು ಸುತ್ತು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇತ್ತು. ಬೆಟ್ಟಗಳು ತಾವು ನಿಂತ ಜಾಗ ಸರಿಯಿದೆಯೋ ಇಲ್ಲವೋ ಎಂದು ಆಗಾಗ ಸ್ವಲ್ಪ ಸರಿದು ನೋಡುತ್ತಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆ ಗಾಳಿಯನ್ನು ಕೇಳುತ್ತಿತ್ತು. ಗಾಳಿಗೂ ಗೊತ್ತಿರಲಿಲ್ಲ. ಆದರೂ ಏನೋ ಒಂದು ಹೇಳುತ್ತಿತ್ತು. ಹಾಗಾಗಿ ಹೊಳೆ ಅಷ್ಟೊಂದು ಸೊಟ್ಟವಾಯಿತು.

ಆ ಕಾಲದಲ್ಲಿ ಪ್ರಾಣಿಗಳಿಗೆಲ್ಲ ಒಂದೊಂದು ಜಾಗ ಹಂಚಿದರು. ಮೀನಿಗೆ ನೀರು ಸಿಕ್ಕಿತು. ಕೋತಿಗೆ ಮರ ಸಿಕ್ಕಿತು. ಹಾವಿಗೆ ಹುತ್ತ ಸಿಕ್ಕಿತು. ಹುಲಿಗೆ ಅದು ಕೇಳಿದ್ದೆಲ್ಲ ಸಿಕ್ಕಿತು.

ಆದರೆ ಕೆಲವರು ಉಳಿದುಬಿಟ್ಟರು. ಕೆಲವರು ದಾರಿ ತಪ್ಪಿದ್ದರು, ಕೆಲವರು ತಡವಾಗಿ ಬಂದಿದ್ದರು, ಕೆಲವರು ಹಂಚುವ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದರು.

ಹೀಗೆ ಉಳಿದವರನ್ನೆಲ್ಲ ಸಣ್ಣೀರಜ್ಜಿ ಎಂಬ ಮುದುಕಿ ತನ್ನ ಹಟ್ಟಿಗೆ ಕರೆದುಕೊಂಡು ಬಂದಳು. ಹಟ್ಟಿ ಹೊಳೆಯ ದಂಡೆಯ ಮೇಲಿತ್ತು. ಸುತ್ತ ಕಳ್ಳಿಯ ಬೇಲಿ, ನಡುವೆ ಒಂದು ಹೊಂಗೆ ಮರ. ಮರದ ಕೆಳಗೆ ಒಂದು ಕುಂಟು ಮೇಕೆ, ಒಂದು ಒಂಟಿಗಣ್ಣಿನ ಕತ್ತೆ, ಮೊಟ್ಟೆಯಿಡಲು ಮರೆತಿದ್ದ ಒಂದು ಕೋಳಿ, ನಾಲ್ಕು ಬೆಕ್ಕು, ಒಂದು ನಾಯಿ.

ನಾಯಿಯ ಮೈ ಒಲೆಯ ಬೂದಿಯ ಬಣ್ಣದ್ದು. ಅಜ್ಜಿ ಅದನ್ನು ಬೂದ ಎಂದು ಕರೆದಳು. ಅದರ ಹಿಂಡು ಒಂದು ದಿನ ಹೊಳೆ ದಾಟಿಹೋಗಿತ್ತು. ಮರಿಯಾಗಿದ್ದ ಬೂದ ಈಚೆ ದಡದಲ್ಲೇ ಉಳಿದಿತ್ತು.

ಹಟ್ಟಿಗೆ ಜನ ಬರುತ್ತಿದ್ದರು. ತಮಗೆ ಬೇಕಾದ ಪ್ರಾಣಿಯನ್ನು ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಒಂದು ಮಾತು ಕೇಳುತ್ತಿದ್ದಳು.

"ಇದು ಎಲ್ಲಿ ಮಲಗುತ್ತೆ?"

"ಏನು ತಿನ್ನಿಸ್ತೀರಿ ಅಂತ ಯಾಕೆ ಕೇಳಲ್ಲ, ಅಜ್ಜಿ?" ಎಂದಿತು ಒಮ್ಮೆ ಮೇಕೆ.

"ತಿನ್ನಿಸೋದನ್ನ ಎಲ್ಲರೂ ಯೋಚನೆ ಮಾಡ್ಕೊಂಡೇ ಬಂದಿರ್ತಾರೆ. ಮಲಗೋ ಜಾಗ ಯೋಚನೆ ಮಾಡಿರೋರು ಕಡಿಮೆ ಕಣೇ" ಎಂದಳು ಅಜ್ಜಿ.

ಬೂದನಿಗೂ ಒಂದು ಮನೆ ಬೇಕಿತ್ತು. ಅದಕ್ಕೆ ಬೇಕಿದ್ದದ್ದು ಅದೊಂದೇ. ಆದರೆ ಆಗಿನ ಜನಕ್ಕೆ ನಾಯಿಯನ್ನು ಹೇಗೆ ಆರಿಸಬೇಕೆಂದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎತ್ತನ್ನು ಆರಿಸುವುದು. ಎತ್ತಿನ ಮೈಮೇಲೆ ಕೂದಲು ಸುರುಳಿ ಸುತ್ತಿಕೊಂಡಿದ್ದರೆ ಅದನ್ನು ಸುಳಿ ಎನ್ನುತ್ತಾರೆ. ಸುಳಿ ಇರುವ ಜಾಗ ನೋಡಿ ಎತ್ತು ಮನೆಗೆ ಆಗುತ್ತದೋ ಇಲ್ಲವೋ ಎಂದು ಹೇಳುತ್ತಾರೆ. ನಾಯಿಗೂ ಅದೇ ಲೆಕ್ಕ ಎಂದುಕೊಂಡರು.

ಮೊದಲು ಬಂದವನು ರಾಗಿ ಬೆಳೆಯುವ ಗಾದ್ರಣ್ಣ.

"ಒಂದು ಸುತ್ತು ತಿರುಗಪ್ಪ, ನೋಡೋಣ" ಎಂದ.

ಬೂದ ಒಂದು ಸುತ್ತು ತಿರುಗಿತು.

"ಎಡಪಕ್ಕೆ ಮೇಲೆ ಸುಳಿ" ಎಂದ ಗಾದ್ರಣ್ಣ. "ಇದು ನೊಗಕ್ಕೆ ಆಗಲ್ಲ."

"ನೊಗಕ್ಕೆ ಕಟ್ಟೋಕೆ ಅದೇನು ಎತ್ತಾ?" ಎಂದಳು ಅಜ್ಜಿ.

"ಎತ್ತಲ್ಲ ಬಿಡು. ಆದ್ರೆ ಸುಳಿ ಸುಳೀನೇ ಅಲ್ವಾ?"

ಗಾದ್ರಣ್ಣ ಕತ್ತೆಯನ್ನು ಕರೆದುಕೊಂಡು ಹೋದ.

ಆಮೇಲೆ ಮಡಕೆ ಮಾಡುವ ದುರ್ಗಕ್ಕ ಬಂದಳು. "ಒಂದು ಸುತ್ತು ತಿರುಗು" ಎಂದಳು. ಬೂದ ಒಂದು ಸುತ್ತು ತಿರುಗಿತು. "ಬಾಲ ಎಡಕ್ಕೆ ಸೊಟ್ಟ ಐತೆ. ಆಡಿಸಿದ್ರೆ ಎಡಗಡೆ ಮಡಕೆ ಎಲ್ಲ ಹೋದ್ವು" ಎಂದಳು.

"ಬಲಗಡೆ ಇಟ್ಕೊಳ್ಳಮ್ಮ" ಎಂದಿತು ಕೋಳಿ.

ಬಾಯಿ ಜೋರಿದೆ ಎಂದು ದುರ್ಗಕ್ಕನಿಗೆ ಆ ಕೋಳಿಯೇ ಇಷ್ಟವಾಯಿತು.

ಆಮೇಲೆ ಬಂದ ಇಬ್ಬರು ಮೇಕೆಯನ್ನು ಕರೆದುಕೊಂಡು ಹೋದರು. ಬೂದನ ಬಲಗಿವಿ ಮುಕ್ಕಾಗಿದೆ ಎಂದು ಹೇಳಿ ಹೋದರು. ಬೆಕ್ಕುಗಳು ಯಾರಿಗೂ ಕಾಯಲಿಲ್ಲ. ತಮಗೆ ಬೇಕಾದ ಮನೆಗಳನ್ನು ತಾವೇ ನೋಡಿಕೊಂಡು ಬಂದು, ಅಜ್ಜಿಗೆ ಹೇಳಿ ಹೊರಟುಹೋದವು.

ಬೂದ ಒಂದೇ ಉಳಿಯಿತು. ಈಗ ಯಾರು ಬಂದರೂ ಅದು ಹೇಳಿಸಿಕೊಳ್ಳುತ್ತಿರಲಿಲ್ಲ. ತಾನೇ ತಿರುಗುತ್ತಿತ್ತು. ಸುಳಿ ಕಾಣಲೆಂದು ಒಂದು ಸುತ್ತು, ಬಾಲ ಕಾಣಲೆಂದು ಒಂದು ಸುತ್ತು, ಕಿವಿ ಕಾಣಲೆಂದು ಒಂದು ಸುತ್ತು.

ಒಂದು ಬೆಳಿಗ್ಗೆ ಕಾಟಯ್ಯ ಎಂಬವನು ಬಂದ. ಅವನಿಗೆ ಅವಸರ. "ನಾಯಿನಾ? ಸರಿ, ಬಾ. ಒಲೆ ಪಕ್ಕ ಮಲಗಲಿ" ಎಂದ. ಬೂದ ತಿರುಗುವ ಮೊದಲೇ ಅವನು ಬೇಲಿ ದಾಟಿದ್ದ.

ಕಾಟಯ್ಯನ ಮನೆಯಲ್ಲಿ ಬೂದನಿಗೆ ಮುದ್ದೆ ಸಿಕ್ಕಿತು. ಒಲೆಯ ಪಕ್ಕದ ನೆಲ ಬೆಚ್ಚಗಿತ್ತು. ಬೂದ ಮೂತಿಯನ್ನು ಕಾಲುಗಳ ನಡುವೆ ಇಟ್ಟು ಮಲಗಿತು. ಇದು ನನ್ನ ಮನೆ ಎಂದುಕೊಂಡಿತು. ಹಾಗೆ ಅಂದುಕೊಳ್ಳುತ್ತಲೇ ನಿದ್ದೆ ಬಂತು.

ಮಧ್ಯಾಹ್ನ ಕಾಟಯ್ಯನ ಅವ್ವ ಹೊಲದಿಂದ ಬಂದಳು. ಮಲಗಿದ್ದ ನಾಯಿಯ ಪಕ್ಕೆಯ ಮೇಲೆ ಸುಳಿ ಕಂಡಿತು. "ಇದನ್ನ ಯಾರೋ ತಂದಿದ್ದು?" ಎಂದಳು.

ಬಿಸಿಲು ಇಳಿಯುವ ಮೊದಲು ಬೂದ ಮತ್ತೆ ಹೊಂಗೆ ಮರದ ಕೆಳಗಿತ್ತು.

"ಮಲಗಿದ್ದನ್ನ ಎಬ್ಬಿಸಿ ಕರ್ಕೊಂಡು ಬಂದ್ಯಾ?" ಎಂದಳು ಅಜ್ಜಿ.

"ಹೂಂ ಅಜ್ಜಿ. ಒಳ್ಳೆ ನಿದ್ದೆಲಿತ್ತು" ಎಂದ ಕಾಟಯ್ಯ. ಅಜ್ಜಿ ಅವನೊಡನೆ ಮತ್ತೆ ಮಾತಾಡಲಿಲ್ಲ.

ಗಾಳಿ ಇದನ್ನೆಲ್ಲ ನೋಡುತ್ತಿತ್ತು. ಹೊಳೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿತು: "ಆ ಸುಳಿ ಮಾಡಿದ್ದು ನಾನೇ. ಮರಿಯಾಗಿದ್ದಾಗ ದಡದಲ್ಲಿ ಒಂದೇ ಕೂತಿತ್ತು. ಬೇಜಾರಾಗದಿರಲಿ ಅಂತ ಅದರ ಪಕ್ಕೆ ಮೇಲೆ ಸುತ್ತಿ ಸುತ್ತಿ ಆಡಿದೆ. ಕೂದಲು ಹಾಗೇ ನಿಂತುಬಿಡ್ತು."

"ಹೋಗಿ ಜನಕ್ಕೆ ಹೇಳು ಮತ್ತೆ" ಎಂದಿತು ಹೊಳೆ.

"ನನ್ನ ಮಾತು ಯಾರು ನಂಬ್ತಾರೆ?"

"ಅದೂ ನಿಜ. ನಂಬಿ ನಾನು ಹೀಗಾಗಿದ್ದೀನಿ."

ಕೆಲವು ದಿನ ಕಳೆದ ಮೇಲೆ ಚಾಪೆ ಹೆಣೆಯುವ ಓಬಕ್ಕ, ಅವಳ ಗಂಡ ಸೂರಯ್ಯ ಹಟ್ಟಿಗೆ ಬಂದರು. ಅವರ ಮನೆಯಲ್ಲಿ ಇಲಿಗಳು ಚಾಪೆಯ ಅಂಚನ್ನೆಲ್ಲ ಕಡಿಯುತ್ತಿದ್ದವು.

"ಒಂದು ಬೆಕ್ಕು ಬೇಕಿತ್ತು, ಅಜ್ಜಿ" ಎಂದಳು ಓಬಕ್ಕ.

"ಬೆಕ್ಕು ಮುಗಿದ್ವು ತಾಯಿ. ಇರೋದು ಇವನೊಬ್ಬ."

ಬೂದ ಎದ್ದು ನಿಂತಿತು. "ನಾನೂ ಇಲಿ ನೋಡ್ಕೋತೀನಿ" ಎಂದಿತು.

"ಹಿಡಿದಿದ್ದೀಯಾ?" ಎಂದ ಸೂರಯ್ಯ.

ಬೂದ ಸುಳ್ಳು ಹೇಳಬೇಕೆಂದುಕೊಂಡಿತು. ಆಗಲಿಲ್ಲ. "ಹಿಡಿದಿಲ್ಲ. ಅಟ್ಟಿಸಿಕೊಂಡು ಹೋಗಿದ್ದೀನಿ."

"ಎಷ್ಟು ದೂರ?"

"ಅದು ಬಿಲ ಸೇರೋವರೆಗೆ."

ಸೂರಯ್ಯ ನಕ್ಕುಬಿಟ್ಟ. ಓಬಕ್ಕನಿಗೂ ನಗು ಬಂತು. ಅಜ್ಜಿ ಮಾತ್ರ ನಗಲಿಲ್ಲ. "ಇವನು ಎಲ್ಲಿ ಮಲಗ್ತಾನೆ?" ಎಂದಳು.

ಓಬಕ್ಕ ಬೆಕ್ಕನ್ನು ಯೋಚಿಸಿಕೊಂಡು ಬಂದವಳು. ನಾಯಿ ಮಲಗುವ ಜಾಗ ಯೋಚಿಸಿರಲಿಲ್ಲ. ಮನೆಯ ಮೂಲೆ ಮೂಲೆಯನ್ನೂ ಮನಸ್ಸಿನಲ್ಲೇ ಸುತ್ತಿ ಬಂದಳು. "ಬಾಗಿಲ ಒಳಗಡೆ, ಎಡಕ್ಕೆ. ಅಲ್ಲಿ ಬಿಸಿಲೂ ಬರುತ್ತೆ. ಇವನ ಅಳತೆಗೆ ಒಂದು ಚಾಪೆ ಹೆಣೀತೀನಿ" ಎಂದಳು.

"ಸುಳಿಗಿಳಿ ನೋಡಲ್ವಾ?" ಎಂದಳು ಅಜ್ಜಿ.

"ನಾವು ಒಂದು ಎತ್ತೂ ಕೊಂಡೋರಲ್ಲ ಅಜ್ಜಿ. ನಮಗೆಲ್ಲಿ ಗೊತ್ತಾಗುತ್ತೆ?" ಎಂದ ಸೂರಯ್ಯ.

ಬೂದ ಅವರ ಹಿಂದೆ ಹೊರಟಿತು. ಸಂತೋಷವಾಗಿತ್ತು. ಭಯವೂ ಆಗಿತ್ತು. ಕಾಟಯ್ಯನೂ ನೋಡದೆಯೇ ಕರೆದುಕೊಂಡು ಹೋಗಿದ್ದನಲ್ಲ.

ಮನೆಗೆ ಬಂದ ಕೂಡಲೇ ಓಬಕ್ಕ ಜೊಂಡು ತೆಗೆದು ಹೆಣೆಯಲು ಕೂತಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಸಣ್ಣದೊಂದು ಚಾಪೆ ಆಯಿತು. ಬಾಗಿಲ ಒಳಗೆ, ಎಡಕ್ಕೆ, ಬಿಸಿಲು ಬೀಳುವಲ್ಲಿ ಹಾಸಿದಳು.

"ಮಲಗು" ಎಂದಳು.

ಬೂದ ಚಾಪೆಯ ಮೇಲೆ ನಿಂತಿತು. ಮಲಗಲಿಲ್ಲ.

ಗಂಡಹೆಂಡತಿ ಊಟ ಮುಗಿಸಿದರು. ಬೂದ ನಿಂತೇ ಇತ್ತು. ಬಿಸಿಲು ಚಾಪೆಯಿಂದ ಗೋಡೆಗೆ ಸರಿಯಿತು. ಬೂದ ನಿಂತೇ ಇತ್ತು. ಕಣ್ಣು ಮುಚ್ಚಿಹೋಗುತ್ತಿದ್ದವು.

"ಇವನಿಗೆ ಮಲಗೋಕೆ ಬರಲ್ವೇನೋ" ಎಂದ ಸೂರಯ್ಯ. "ತೋರಿಸ್ಲಾ?"

"ನೀನು ತೋರಿಸೋಕೆ ಹೋದ್ರೆ ಸಂಜೆವರೆಗೂ ಏಳಲ್ಲ. ಸುಮ್ಮನಿರು." ಓಬಕ್ಕ ಬೂದನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಚಾಪೆ ಒರಟಾಯ್ತೇನಪ್ಪ?"

"ಇಲ್ಲ" ಎಂದಿತು ಬೂದ. "ತುಂಬಾ ಚೆನ್ನಾಗಿದೆ."

"ಮತ್ತೆ?"

"ಮೊದಲು ನನ್ನ ನೋಡಿಬಿಡಿ. ಮಲಗಿದ ಮೇಲೆ ನೋಡಬೇಡಿ."

ಓಬಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ಬೂದ ಚಾಪೆಯ ಮೇಲೆ ಒಂದು ಸುತ್ತು ತಿರುಗಿತು. "ಇದು ಸುಳಿ" ಎಂದಿತು. ಇನ್ನೊಂದು ಸುತ್ತು ತಿರುಗಿತು. "ಇದು ಬಾಲ, ಸೊಟ್ಟ." ಮತ್ತೊಂದು ಸುತ್ತು ತಿರುಗಿತು. "ಇದು ಕಿವಿ. ಅಷ್ಟೇ, ಬೇರೇನಿಲ್ಲ. ಕಳಿಸೋದಾದ್ರೆ ಈಗಲೇ ಕಳಿಸಿ. ನಿದ್ದೆಯಿಂದ ಎಬ್ಬಿಸಿ ಕಳಿಸಬೇಡಿ."

ಗಾಳಿ ಬಾಗಿಲಲ್ಲಿ ನಿಂತುಬಿಟ್ಟಿತು.

ಆಮೇಲೆ ಸೂರಯ್ಯ ತಲೆಯ ಮೇಲಿನ ಬಟ್ಟೆ ತೆಗೆದು, ಬೂದನ ಮುಂದೆ ತಲೆ ಬಗ್ಗಿಸಿದ. "ಇಲ್ಲಿ ನೋಡು. ಎಷ್ಟು ಸುಳಿ ಇದೆ?"

ಬೂದ ನೋಡಿತು. "ಎರಡು."

"ತಲೇಲಿ ಎರಡು ಸುಳಿ ಇದ್ರೆ ಎರಡು ಮದುವೆ ಆಗುತ್ತೆ ಅಂತಾರೆ. ಇವಳ ಅವ್ವ ನಮ್ಮ ಮದುವೆ ದಿನ ಮೂರು ಸೆರಗು ಒದ್ದೆಯಾಗೋಷ್ಟು ಅತ್ತಳು."

"ಆಯ್ತಾ ಎರಡನೇದು?" ಎಂದಿತು ಬೂದ.

"ಇದೊಂದರಲ್ಲೇ ಸಾಕಾಗಿದೆ" ಎಂದ ಸೂರಯ್ಯ.

"ಯಾರಿಗೆ ಸಾಕಾಗಿರೋದು?" ಎಂದಳು ಓಬಕ್ಕ. ಗಂಡನ ಕಡೆ ನೋಡಿ ಹೇಳಿದರೂ ಅವಳ ಕೈ ಬೂದನ ಎಡಪಕ್ಕೆಯ ಮೇಲಿತ್ತು. ಸುಳಿಯ ಮೇಲೆ ಬೆರಳಿಟ್ಟು, ಕೂದಲು ಸುತ್ತಿದ ಕಡೆಗೇ ಒಮ್ಮೆ ಸವರಿದಳು. ಬಾಲ ಮುಟ್ಟಿದಳು. ಮುಕ್ಕಾದ ಕಿವಿ ಮುಟ್ಟಿದಳು.

"ನೋಡಿದ್ವಿ" ಎಂದಳು. "ಇನ್ನು ಮಲಗು."

ಬೂದ ಮಲಗಿತು. ಚಾಪೆ ಅದರ ಅಳತೆಗೆ ಸರಿಯಾಗಿತ್ತು. ಅದು ಆ ದಿನ ಮಧ್ಯಾಹ್ನದಿಂದ ಮರುದಿನ ಹೊತ್ತೇರುವವರೆಗೆ ನಿದ್ದೆ ಮಾಡಿತು. ನೆರೆಮನೆಯವರು ಬಂದು ಮಾತಾಡಿ ಹೋದರು. ಇಲಿಗಳು ಬಂದು, ನಾಯಿಯನ್ನು ನೋಡಿ, ಹೆದರಿ ಓಡಿದವು. ಸೂರಯ್ಯ ಹೊರಗೆ ಹೋಗಬೇಕಾದಾಗಲೆಲ್ಲ ಬೂದನನ್ನು ದಾಟಿಕೊಂಡು ಹೋದ. ಯಾರೂ ಅದನ್ನು ಎಬ್ಬಿಸಲಿಲ್ಲ.

ಮರುದಿನವೂ ಬೂದ ಮಲಗುವ ಮೊದಲು ತಿರುಗಿತು. "ನೋಡಿದ್ವಿ, ಮಲಗು" ಎಂದಳು ಓಬಕ್ಕ. ಅದರ ಮರುದಿನವೂ ತಿರುಗಿತು. "ನೋಡಿದ್ವಿ, ಮಲಗು." ಹೀಗೆ ಎಷ್ಟೋ ದಿನ ನಡೆಯಿತು.

ಒಂದು ದಿನ ಮಳೆ ಬರುವಂತಿತ್ತು. ಅಂಗಳದಲ್ಲಿ ಒಣಗಿಸಿದ್ದ ಜೊಂಡನ್ನು ಒಳಗೆ ತರಲು ಗಂಡಹೆಂಡತಿ ಓಡಾಡುತ್ತಿದ್ದರು. ಬೂದ ಮೂರು ಸುತ್ತು ತಿರುಗಿ ನಿಂತಿತು. ಯಾರೂ ಏನೂ ಹೇಳಲಿಲ್ಲ. ಬೂದ ಸ್ವಲ್ಪ ಕಾಯಿತು. ಅವರು ಏನು ಹೇಳುತ್ತಾರೆಂದು ಅದಕ್ಕೆ ಗೊತ್ತಿತ್ತು. ಮಲಗಿಬಿಟ್ಟಿತು.

ಬಾಗಿಲಲ್ಲಿದ್ದ ಗಾಳಿ ಇದನ್ನು ನೋಡಿ ಹೊಳೆಗೆ ಹೇಳಿತು, ಹೊಳೆಯಾಚೆಯ ಹಿಂಡಿಗೆ ಹೇಳಿತು, ಲೋಕದ ನಾಯಿಗಳಿಗೆಲ್ಲ ಹೇಳಿತು: "ಸುತ್ತು ತಿರುಗಿ ತೋರಿಸಿ ಮಲಗಿದ್ರೆ ಯಾರೂ ಎಬ್ಬಿಸಲ್ಲ." ಈ ಒಂದು ಸಲ ಎಲ್ಲರೂ ಗಾಳಿಯ ಮಾತನ್ನು ನಂಬಿದರು.

ಅದಕ್ಕೇ ಮಗು, ನಿನ್ನ ನಾಯಿ ಇವತ್ತಿಗೂ ಮಲಗುವ ಮೊದಲು ಇದ್ದಲ್ಲೇ ಸುತ್ತು ಹಾಕುತ್ತದೆ. ನೀನು ಏನೂ ಹೇಳದಿದ್ದರೂ ಮಲಗುತ್ತದೆ, ಆದರೆ "ನೋಡಿದೆ, ಮಲಗು" ಎಂದರೆ ಕಣ್ಣು ಮುಚ್ಚಿಕೊಂಡೇ ಬಾಲದಿಂದ ನೆಲವನ್ನು ಒಂದೆರಡು ಸಲ ತಟ್ಟುತ್ತದೆ.