ಬಾಂಬಿಗೆ ಕಾವು ಕೂತ ಮಂತ್ರಿ

“ಗುರುಗಳೇ, ದೊಡ್ಡವರ ಎದುರು ನಿಜ ಹೇಳಲು ಮನುಷ್ಯನಿಗೆ ಅಡ್ಡ ಬರುವುದು ಯಾವುದು? ಭಯವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ದೇಶದಲ್ಲಿ ಒಬ್ಬ ವ್ಯಂಗ್ಯಚಿತ್ರಕಾರನಿದ್ದ. ಆ ದೇಶದವರು ಮರುಭೂಮಿಯಲ್ಲಿ ಅಣುಬಾಂಬು ಸಿಡಿಸಿದರು. ರಾಜಧಾನಿಯಲ್ಲಿ ಜನ ಸಿಹಿ ಹಂಚಿದರು. ಚಿತ್ರಕಾರ ಮರುಭೂಮಿಯ ಅಂಚಿನ ಹಳ್ಳಿಗೆ ಹೋಗಿ ನೋಡಿದ. ಮನೆಗಳ ಗೋಡೆ ಬಿರಿದಿತ್ತು. ಒಬ್ಬ ಮುದುಕಿ ಅವನಿಗೆ ಬಾವಿಯ ನೀರು ಕೊಟ್ಟಳು. ಬಾಂಬು ಸಿಡಿದ ಮೇಲೆ ಅದು ಬಾಯಿಗಿಡಲಾಗದಷ್ಟು ಕಹಿಯಾಗಿತ್ತು.

“ಇನ್ನೊಂದು ಸಿಡಿಸುತ್ತಾರಂತೆ. ನಮ್ಮ ಮಾತು ಯಾರು ಕೇಳುತ್ತಾರೆ? ನೀನಾದರೂ ದೊಡ್ಡವರ ಕಿವಿಗೆ ಹಾಕಪ್ಪ” ಎಂದಳು. ಅವನು ಮಾತು ಕೊಟ್ಟ.

ಊರಿಗೆ ಮರಳಿ ಚಿತ್ರ ಬರೆದ. ಮಂತ್ರಿ ಕೋಳಿಯಂತೆ ರೆಕ್ಕೆ ಹರಡಿ ಬಾಂಬಿನ ಮೇಲೆ ಕಾವು ಕೂತಿದ್ದ. ಪತ್ರಿಕೆ ನೋಡಿ ದೇಶವೇ ನಕ್ಕಿತು. ಇನ್ನು ಸೆರೆಮನೆಯೇ ಗತಿ ಎಂದು ಹೆಂಡತಿ ಅವನ ಬಟ್ಟೆಬರೆ ಗಂಟು ಕಟ್ಟಿಟ್ಟಳು. ಅವನೂ ಸಿದ್ಧನಾಗಿದ್ದ.

ಪೊಲೀಸರು ಬರಲಿಲ್ಲ. ಮಂತ್ರಿಯ ಕಾರು ಬಂದು ಅವನನ್ನು ಮಂತ್ರಿಯ ಮನೆಗೆ ಕರೆದೊಯ್ದಿತು. ಮಂತ್ರಿ ಬಾಗಿಲವರೆಗೆ ಬಂದು ಅವನ ಕೈ ಹಿಡಿದುಕೊಂಡ.

“ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಪತ್ರಿಕೆಯವರಿಂದ ಮೂಲಚಿತ್ರ ತರಿಸಿದ್ದೇನೆ. ಸಹಿ ಹಾಕಿಕೊಡಿ, ಗೋಡೆಗೆ ಹಾಕಿಸುತ್ತೇನೆ” ಎಂದ.

ಚಹಾ ಬಂತು. ಚಿತ್ರಕಾರ ಕುಡಿದ. ಸಹಿ ಹಾಕಿದ. ಕೈಮುಗಿದು ಬಂದ.

“ಬಾವಿಯ ಸಂಗತಿ ಹೇಳಿದಿರಾ?” ಎಂದು ಹೆಂಡತಿ ಕೇಳಿದಳು.

“ತುಂಬ ಸಜ್ಜನರು ಅವರು” ಎಂದ.

ಅವಳು ಗಂಟು ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಒಳಗಿಟ್ಟಳು. ನೋಡುತ್ತ ನೋಡುತ್ತ ಅವನ ತಲೆ ತಗ್ಗಿತು.

ಬೆಳಗಾದೊಡನೆ ಮಂತ್ರಿಯ ಮನೆಗೆ ಓಡಿದ. ಸಾಹೇಬರು ಮರುಭೂಮಿಗೆ ಹೋಗಿದ್ದಾರೆ ಎಂದರು. ಅಂದು ಸಂಜೆಯೇ ಇನ್ನೊಂದು ಬಾಂಬು ಸಿಡಿಯಿತು. ಬಾವಿ ಕುಸಿದು ಹಳ್ಳಿಯವರು ಗುಳೆ ಎದ್ದರು. ಮುದುಕಿ ಎಲ್ಲಿಗೆ ಹೋದಳೆಂದು ವಿಚಾರಿಸಲು ಕೂಡ ಅವನಿಗೆ ಮುಖವಿರಲಿಲ್ಲ.

ಆಮೇಲೆ ಅವನು ಇನ್ನೊಂದು ಚಿತ್ರ ಬರೆದ. ಅದರಲ್ಲಿ ಬಾಂಬಿನ ಮೇಲೆ ಮಂತ್ರಿಯ ಪಕ್ಕದಲ್ಲಿ ಚಹಾದ ಬಟ್ಟಲು ಹಿಡಿದು ತಾನೇ ಕೂತಿದ್ದ. ಇದರಲ್ಲಿ ನಗುವಂಥದ್ದು ಏನೂ ಇಲ್ಲವೆಂದು ಪತ್ರಿಕೆಯವರು ಹಿಂದಿರುಗಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ನಾನಾಗಿದ್ದರೆ ಆ ಮಂತ್ರಿಯ ಮುಖಕ್ಕೇ ಹೇಳಿಬಿಡುತ್ತಿದ್ದೆ!” ಎಂದ.

“ಹೊಗಳಿಸಿಕೊಳ್ಳುವವರೆಗೆ ಅವನೂ ಹಾಗೆಯೇ ಅಂದುಕೊಂಡಿದ್ದ, ಮಗು” ಎಂದರು ಗುರುಗಳು.