ದುರ್ಬೀನು ಮತ್ತು ಸಡಿಲಾದ ತಿರುಪು

ಪೊನ್ನವ್ವನ ಏರ್‌ಗನ್ನಿನ ಮೇಲೆ ಗುರಿ ನೋಡುವ ಒಂದು ದುರ್ಬೀನು ಇತ್ತು. ಅದನ್ನು ಹಿಡಿದಿದ್ದ ತಿರುಪು ಒಂದು ದಿನ ಸಡಿಲವಾಗಿ ಗುರಿ ತಪ್ಪಿತು. ಪೊನ್ನವ್ವ ದುರ್ಬೀನಿನ ಪಕ್ಕದ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಗುರಿ ಸರಿಮಾಡಿದಳು. ಮರುದಿನ ಮತ್ತೆ ತಪ್ಪಿತು, ಮತ್ತೆ ತಿರುಗಿಸಿದಳು. ಬೆಳಗಾದರೆ ಸಾಕು, ದುರ್ಬೀನು ಆ ಬೆರಳುಗಳಿಗಾಗಿ ಕಾಯತೊಡಗಿತು.

ತಿರುಪು ಹೇಳಿತು: "ಅಯ್ಯಾ, ತಪ್ಪು ನನ್ನದು. ಅವಳು ಎತ್ತಿಕೊಂಡಾಗ ಸ್ವಲ್ಪ ಅಲುಗಾಡು. ಸದ್ದು ಕೇಳಿದರೆ ನನ್ನನ್ನು ಬಿಗಿ ಮಾಡುತ್ತಾಳೆ."

"ಆಮೇಲೆ ನನ್ನನ್ನು ಯಾಕೆ ಮುಟ್ಟುತ್ತಾಳೆ?" ಎಂದ ದುರ್ಬೀನು ಅಲುಗಾಡದೆ ಉಸಿರು ಬಿಗಿಹಿಡಿದು ಕೂತಿತು.

ಕೈಲ್ ಮುಹೂರ್ತದ ಹಬ್ಬ ಬಂತು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಎಲ್ಲರೂ ಗುರಿಯಿಡುವ ದಿನ. ಪೊನ್ನವ್ವನ ಮೊದಲ ಗುಂಡಿನ ಅದುರುವಿಕೆಗೇ ದುರ್ಬೀನು ಪಕ್ಕಕ್ಕೆ ಸರಿಯಿತು. ಮೂರು ಗುಂಡೂ ತಪ್ಪಿದವು.

"ನಿನ್ನನ್ನು ನಂಬಿ ಕೆಟ್ಟೆ" ಎಂದ ಪೊನ್ನವ್ವ ದುರ್ಬೀನನ್ನು ಬಿಚ್ಚಿ, ತಿರುಪಿನ ಸಮೇತ ಪೆಟ್ಟಿಗೆಗೆ ಹಾಕಿದಳು.

ಈಗಲೂ ಬೆಳಿಗ್ಗೆ ಅಂಗಳದಿಂದ ಏರ್‌ಗನ್ನಿನ ಸದ್ದು ಕೇಳುತ್ತದೆ. ಒಂದು ದಿನ ದುರ್ಬೀನು ಹೇಳಿತು: "ಗುರಿ ತಪ್ಪದಿದ್ದ ಕಾಲದಲ್ಲೂ ಅವಳು ದಿನಾ ನನ್ನಲ್ಲೇ ಕಣ್ಣಿಡುತ್ತಿದ್ದಳು. ನೆನಪಿದೆಯೇ ನಿನಗೆ?"

"ನನಗೆ ನೆನಪಿತ್ತು," ಎಂದಿತು ತಿರುಪು. "ನೀನೇ ಮರೆತೆ."